ನಮ್ಮೂರ ಟೈಲರ್ ಅಣ್ಣ ಐಸಿಯುನಲ್ಲಿದ್ದಾರೆ, ಇನ್ಶೂರೆನ್ಸ್ ಇಲ್ಲ. ದಾರಿ ಹೇಳಿ

ಕೊಬ್ಬರಿ_ಸೀಮೆ · ಸೋಮವಾರ ರಾತ್ರಿ 10:40

ಎಲ್ರಿಗೂ ನಮಸ್ಕಾರ. ತಲೆ ಓಡ್ತಿಲ್ಲ, ಗೊತ್ತಿರೋರು ದಯವಿಟ್ಟು ಹೇಳಿ.

ಅರಸೀಕೆರೆಯಲ್ಲಿ ನಮ್ಮ ಬೀದಿಯ ಲೇಡೀಸ್ ಟೈಲರ್. 41 ವರ್ಷ. ಹೆಸರು ಬೇಡ, ನಾವೆಲ್ಲ ಅಣ್ಣ ಅಂತೀವಿ. ಹೋದ ತಿಂಗಳು ವಾಂತಿ-ಭೇದಿ ಆಗಿ ಮೂರು ದಿನ ಮಲಗಿದ್ರು, ವಾಸಿ ಆಯ್ತು. ಹತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ಮಿಷನ್ ತುಳಿಯೋಕೆ ಕಾಲಲ್ಲಿ ಬಲ ಇಲ್ಲ ಅಂದ್ರು. ಸಂಜೆ ಹೊತ್ತಿಗೆ ಕೈಯಿಂದ ಕತ್ತರಿ ಜಾರಿ ಬೀಳ್ತಿತ್ತು. ಹಾಸನಕ್ಕೆ ಕರ್ಕೊಂಡು ಹೋದ್ವಿ, ಅಲ್ಲಿಂದ ರಾತ್ರೋರಾತ್ರಿ ಬೆಂಗಳೂರು. ಗಿಯಾನ್-ಬಾರೆ ಸಿಂಡ್ರೋಮ್, ಜಿಬಿಎಸ್ ಅಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ವೆಂಟಿಲೇಟರ್ ಖಾಲಿ ಇರ್ಲಿಲ್ಲ. ಉಸಿರು ಕಟ್ತಿತ್ತು, ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ.

ಇವತ್ತಿಗೆ ಒಂಬತ್ತು ದಿನ. ಬಿಲ್ 6,84,000. ಅತ್ತಿಗೆ ಒಡವೆ ಅಡ ಇಟ್ಟು 1,90,000 ತಂದ್ರು, ಚೀಟಿ ಎತ್ತಿದ್ದು 80,000, ಕೈಸಾಲ 60,000. ಕಟ್ಟಿರೋದು 3,30,000, ಬಾಕಿ 3,54,000. ಇದರ ಮೇಲೆ ಇನ್ನೊಂದು ಕೋರ್ಸ್ ಐವಿಐಜಿ (ರಕ್ತನಾಳಕ್ಕೆ ಹಾಕೋ ಪ್ರತಿಕಾಯದ ಔಷಧ) ಕೊಡಬೇಕಾಗಬಹುದು, 4 ಲಕ್ಷ ಹೊಂದಿಸಿಕೊಳ್ಳಿ ಅಂದಿದ್ದಾರೆ.

ರೇಷನ್ ಕಾರ್ಡ್ ಎಪಿಎಲ್. ಅವರ ತಮ್ಮ ಲಗೇಜ್ ಆಟೋ ಸಾಲಕ್ಕೆ ಅಂತ ಐಟಿ ರಿಟರ್ನ್ ಹಾಕ್ಸಿದ್ದ, ಅವನ ಹೆಸರೂ ಅದೇ ಕಾರ್ಡಲ್ಲಿ ಇತ್ತು, ಬಿಪಿಎಲ್ ಹೋಯ್ತು.

ಕ್ಯೂಆರ್ ಕೋಡ್ ಜೊತೆ ಫೋಟೊ ಹಾಕಿ ವಾಟ್ಸಾಪಲ್ಲಿ ಬಿಡೋಣ ಅಂತಿದ್ದಾರೆ ಹುಡುಗರು. ಬಿಡಬಹುದಾ?

ಮಂಡ್ಯ_ಕಬ್ಬು · 10:52

ಧೈರ್ಯ ತಗಳಿ ಅಣ್ಣ. ನಮ್ ಭಾವಮೈದಂಗೂ ಇದೇ ಕಾಯ್ಲೆ ಬಂದಿತ್ತು. ಇಪ್ಪತ್ತಾರು ದಿನ ಮಿಷನ್‌ನಲ್ಲಿ ಉಸುರಾಡ್ದ. ಈಗ ಟ್ರ್ಯಾಕ್ಟರ್ ಓಡುಸ್ತಾವ್ನೆ. ವಾಸಿಯಾಗೋ ಕಾಯ್ಲೆ ಇದು, ಟೇಮ್ ತಗತದೆ ಅಷ್ಟೆ.

ಲೆಕ್ಕದ_ಮೇಷ್ಟ್ರು · 10:58

ಕ್ಷಮಿಸಿ, ಮೊದಲು ಕೇಳಬೇಕಾದ್ದನ್ನ ಕೇಳ್ತೀನಿ. ದುಡ್ಡು ಯಾರ ಖಾತೆಗೆ ಹೋಗುತ್ತೆ? ಲೆಕ್ಕ ಯಾರು ಇಡ್ತಾರೆ? ಕೊಡೋ ಮನಸ್ಸು ನನಗೂ ಇದೆ. ಆದರೆ ಹೋದ ವರ್ಷ ನಮ್ಮೂರಲ್ಲಿ ಒಂದು ಮಗುವಿಗೆ ಅಂತ ಎತ್ತಿದ ದುಡ್ಡಿನ ವಿಷಯಕ್ಕೆ ಅಣ್ಣತಮ್ಮಂದಿರೇ ಕಿತ್ತಾಡಿ ಮಾತು ಬಿಟ್ಟರು. ಮಗು ಉಳೀತು, ಮನೆ ಒಡೀತು.

ಬೆಣ್ಣೆ_ದೋಸೆ · 11:03

ಮನುಷ್ಯ ಐಸಿಯುನಲ್ಲಿದ್ದಾನೆ, ಈಗ ಲೆಕ್ಕ ಕೇಳೋ ಹೊತ್ತಾ ಸಾರ್?

ಲೆಕ್ಕದ_ಮೇಷ್ಟ್ರು · 11:05

ಹೌದು, ಈಗಲೇ. ದುಡ್ಡು ಬಂದ ಮೇಲೆ ಕೇಳಿದ್ರೆ ಅನುಮಾನ ಪಟ್ಟ ಹಾಗಾಗುತ್ತೆ.

ನೈಟ್_ಡ್ಯೂಟಿ_ಅಕ್ಕ · 11:31

ನಾನು ಸ್ಟಾಫ್ ನರ್ಸ್, ಹದಿನೈದು ವರ್ಷ ಆಯ್ತು. ಚಂದಾ ಎತ್ತೋಕೆ ಮುಂಚೆ ನಾಳೆ ಬೆಳಿಗ್ಗೆ ಆಗಬೇಕಾದ ಕೆಲಸ ಹೇಳ್ತೀನಿ, ಬರ್ಕೊಳ್ಳಿ ತಮ್ಮ.

ಆ ಆಸ್ಪತ್ರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಣಿ ಆಗಿದ್ರೆ ಕೆಳಗಡೆ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರ್ತಾರೆ. ಬಿಲ್ಲಿಂಗ್ ಕೌಂಟರ್ ಬಿಟ್ಟು ಅವರ ಹತ್ರ ಹೋಗಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಪಿಎಲ್ ಅಂದ್ರೆ ಏನೂ ಇಲ್ಲ ಅಂತ ಜನ ವಾಪಸ್ ಬಂದುಬಿಡ್ತಾರೆ, ಅದು ತಪ್ಪು. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿವರೆಗೆ ಇದೆ. ಆದರೆ ಆ ಶೇ. 30 ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರಕ್ಕೆ, ಆಸ್ಪತ್ರೆ ಹಾಕಿದ ಬಿಲ್ಲಿಗಲ್ಲ. ಎಷ್ಟೋ ಜನ ಇಲ್ಲೇ ಎಡವೋದು.

ಸಾಮಾನ್ಯ ಕಾಯಿಲೆಗಾದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ತುರ್ತು ಪ್ರಕರಣಕ್ಕೆ ನೇರ ದಾಖಲಾತಿಗೆ ಅವಕಾಶ ಇದೆ. ಸೇರಿಸಿದ ದಿನವೇ ಅರ್ಜಿ ಹಾಕಿದ್ರೆ ಸುಲಭ. ಒಂಬತ್ತು ದಿನ ದುಡ್ಡು ಕಟ್ಟಿ ನೋಡಿಸ್ಕೊಂಡ ಮೇಲೆ ಕಷ್ಟ, ಆದರೂ ಕೇಳಿ. ಆರೋಗ್ಯ ಸಹಾಯವಾಣಿ 104ಕ್ಕೂ ಫೋನ್ ಮಾಡಿ.

ಇನ್ನೊಂದು. ಐಟಂವಾರು ಬಿಲ್ ಕೇಳಿ ತಗೊಳ್ಳಿ. "ಫಾರ್ಮಸಿ 3 ಲಕ್ಷ" ಅಂತ ಒಂದೇ ಸಾಲು ಕೊಟ್ರೆ ಒಪ್ಪಬೇಡಿ.

ಟೆಕ್_ಪಾರ್ಕ್ · 11:40

ಬೇಜಾರಾಗುತ್ತೆ, ಆದರೂ ಹೇಳಲೇಬೇಕು. ನಾನು ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 18,000 ಕಟ್ತೀನಿ. ಅಷ್ಟು ಕಟ್ಟಿದ್ರೆ ಈ ಸ್ಥಿತಿ ಬರ್ತಿರಲಿಲ್ಲ. ನಮ್ಮ ಜನ ಹಬ್ಬಕ್ಕೆ, ಮದುವೆಗೆ ಖರ್ಚು ಮಾಡ್ತಾರೆ, ಇದಕ್ಕೆ ಮಾತ್ರ ಕೈ ಬರಲ್ಲ.

ಜರಿ_ಅಂಚು · 11:49

ನಾನೂ ಟೈಲರ್. ಅರಸೀಕೆರೆ ಅಲ್ಲ, ಕಡೂರು. ಲೈನಿಂಗ್ ಬ್ಲೌಸಿಗೆ ನಮ್ಮ ಕಡೆ 250 ರೂಪಾಯಿ. ಅದರಲ್ಲಿ ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕರೆಂಟು ಕಳೀರಿ. ನಿಮ್ಮ 18,000 ಅಂದ್ರೆ ನನಗೆ ನೂರಕ್ಕೂ ಹೆಚ್ಚು ಬ್ಲೌಸು. ಶ್ರಾವಣದಲ್ಲಿ ಹೊಲಿದದ್ದು ಮಕ್ಕಳ ಫೀಸಿಗೆ, ಮಾಘದಲ್ಲಿ ಹೊಲಿದದ್ದು ಅಂಗಡಿ ಬಾಡಿಗೆಗೆ. ಆಷಾಢ ಪೂರ್ತಿ ಮಿಷನ್ ಮೇಲೆ ಬಟ್ಟೆ ಮುಚ್ಚಿ ಕೂತಿರ್ತೀವಿ. ಇಎಸ್‌ಐ ವಿಮೆ ನಮಗಿಲ್ಲ, ಅದು ಸಂಬಳಕ್ಕೆ ದುಡಿಯೋರಿಗೆ. ಕೈ ಬರಲ್ಲ ಅನ್ನಬೇಡಿ, ಕೈಯಲ್ಲಿ ಇರಲ್ಲ.

ಟೆಕ್_ಪಾರ್ಕ್ · 11:57

ಅಕ್ಕ, ನನ್ನ ಮಾತು ತಪ್ಪು. ಕ್ಷಮಿಸಿ. ಲೆಕ್ಕ ಆ ಕಡೆಯಿಂದ ನೋಡಿರಲಿಲ್ಲ. 5,000 ನನ್ನ ಕಡೆಯಿಂದ, ಖಾತೆ ಗೊತ್ತಾದ ತಕ್ಷಣ ಹಾಕ್ತೀನಿ.

ಕಡಲ_ಬದಿ · ಮಂಗಳವಾರ ಬೆಳಿಗ್ಗೆ 6:15

ಸಹಕಾರಿ ಸಂಘದ ಸದಸ್ಯರಾಗಿದ್ರೆ ಯಶಸ್ವಿನಿ ಉಂಟಲ್ಲ ಮಾರಾಯ್ರೆ? 2003ರಲ್ಲಿ ಶುರುವಾದದ್ದು, ನಡುವೆ ನಿಲ್ಲಿಸಿದ್ರು, ಈಗ ಮತ್ತೆ ಬಂದಿದೆ. ಹಳ್ಳಿ ಕುಟುಂಬ ನಾಲ್ಕು ಜನಕ್ಕೆ ವರ್ಷಕ್ಕೆ 500 ರೂಪಾಯಿ, ಪೇಟೆಯವರಿಗೆ 1,000. 5 ಲಕ್ಷದವರೆಗೆ.

ನೈಟ್_ಡ್ಯೂಟಿ_ಅಕ್ಕ · 6:40

ಒಳ್ಳೆ ಯೋಜನೆ. ಆದರೆ ಮಲಗಿದ ಮೇಲೆ ಸೇರೋಕಾಗಲ್ಲ, ನೋಂದಣಿಗೆ ಗಡುವು ಇದೆ, ಮಾಡಿಸ್ಕೊಳ್ಳೋ ಚಿಕಿತ್ಸೆಯೂ ಅವರ ಪಟ್ಟಿಯಲ್ಲಿರಬೇಕು. ಇದನ್ನ ಓದ್ತಿರೋ ಹಾಲಿನ ಡೈರಿಯವರು, ಸೊಸೈಟಿಯವರು ನಿಮ್ಮ ಕಾರ್ಡ್ ಚಾಲ್ತಿಯಲ್ಲಿದೆಯಾ ಇವತ್ತೇ ನೋಡ್ಕೊಳ್ಳಿ.

ನರರೋಗ_ಪಿಜಿ · 7:22

ನರರೋಗ ವಿಭಾಗದಲ್ಲಿ ಕಲೀತಿದ್ದೀನಿ. ರೋಗಿಯನ್ನ ನಾನು ನೋಡಿಲ್ಲ, ಹಾಗಾಗಿ ಇದು ಸಲಹೆ ಅಲ್ಲ. ಅಲ್ಲಿನ ವೈದ್ಯರನ್ನ ಏನು ಕೇಳಬೇಕು ಅನ್ನೋದು ಮಾತ್ರ.

ಜಿಬಿಎಸ್‌ನಲ್ಲಿ ಮೈಯ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ತಿರುಗಿ ಬೀಳುತ್ತೆ. ಎಷ್ಟೋ ಸಲ ಭೇದಿ ಅಥವಾ ಜ್ವರ ಬಂದುಹೋಗಿ ಒಂದೆರಡು ವಾರಕ್ಕೆ ಶುರುವಾಗುತ್ತೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಟ್ಟಿಗೇ ಅಷ್ಟು ಜನಕ್ಕೆ ಬಂದಿದ್ದು ನೆನಪಿರಬಹುದು. ಕಾಲಿಂದ ಮೇಲಕ್ಕೆ ಹತ್ತುತ್ತೆ. ಸುಮಾರು ಕಾಲು ಭಾಗ ರೋಗಿಗಳಿಗೆ ವೆಂಟಿಲೇಟರ್ ಬೇಕಾಗುತ್ತೆ. ಹೆಚ್ಚಿನವರು ಚೇತರಿಸ್ಕೊಳ್ತಾರೆ, ಆದರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ.

ಐವಿಐಜಿ ಪ್ರಮಾಣ ದೇಹದ ತೂಕದ ಲೆಕ್ಕ. ಕಿಲೋಗೆ 2 ಗ್ರಾಂ, ಸಾಮಾನ್ಯವಾಗಿ ಐದು ದಿನಕ್ಕೆ ಹಂಚಿ ಕೊಡ್ತಾರೆ. ಅಣ್ಣ 60 ಕಿಲೋ ಇದ್ರೆ 120 ಗ್ರಾಂ. 5 ಗ್ರಾಂ ಬಾಟಲಿಯಲ್ಲಿ 24. ಪ್ರತಿ ಬಾಟಲಿ ಮೇಲಿನ ಬ್ಯಾಚ್ ಸ್ಟಿಕ್ಕರ್ ಕಿತ್ತು ಕೇಸ್ ಶೀಟಿಗೆ ಅಂಟಿಸೋ ರೂಢಿ ಇದೆ. ಅದನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಎಣಿಸಿ.

ಎರಡನೇ ಕೋರ್ಸ್ ಬಗ್ಗೆ. ಮೊದಲ ಕೋರ್ಸಿಗೆ ಚೇತರಿಕೆ ಕಾಣದಿದ್ರೆ ಇನ್ನೊಂದು ಕೊಡೋಣ ಅನ್ನೋದು ತುಂಬ ಕಡೆ ರೂಢಿಯಲ್ಲಿತ್ತು. ನೆದರ್ಲೆಂಡ್ಸ್‌ನ ವೈದ್ಯರು ಇದನ್ನೇ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ತೀವ್ರ ಸ್ಥಿತಿಯ ರೋಗಿಗಳಿಗೆ ಎರಡನೇ ಕೋರ್ಸ್‌ನಿಂದ ಲಾಭ ಕಾಣಲಿಲ್ಲ, ರಕ್ತ ಹೆಪ್ಪುಗಟ್ಟುವಂಥ ತೊಂದರೆ ಹೆಚ್ಚಾಗಿತ್ತು. ಒಮ್ಮೆ ಸುಧಾರಿಸಿ ಮತ್ತೆ ಕೆಳಗಿಳಿದವರ ವಿಷಯ ಬೇರೆ. "ಸರ್, ನಮ್ಮವರಿಗೆ ಎರಡನೆಯದು ಯಾಕೆ ಬೇಕು?" ಅಂತ ನಿಧಾನವಾಗಿ ಕೇಳಿ. ಒಳ್ಳೆ ವೈದ್ಯರಿಗೆ ಈ ಪ್ರಶ್ನೆಯಿಂದ ಕೋಪ ಬರಲ್ಲ.

ಕೊಬ್ಬರಿ_ಸೀಮೆ · 7:30

ಡಾಕ್ಟ್ರೇ, ಅಣ್ಣನ ತೂಕ ಸರಿಯಾಗಿ 60. ಬಿಲ್ ತಗೊಂಡು ಎಣಿಸ್ತೀನಿ.

ಪಾತ್ರೆ_ಅಂಗಡಿ · 8:05

ಫೋಟೊ ವಿಷಯಕ್ಕೆ ಬನ್ನಿ. ಮುಖ ಕಂಡ್ರೆನೇ ಜನ ಕೊಡೋದು. ಮೂಗಿಗೆ ಪೈಪ್ ಹಾಕಿರೋ ಫೋಟೊ, ಪಕ್ಕದಲ್ಲಿ ಹೆಂಡತಿ ಮಕ್ಕಳು. ಬೇರೆ ದಾರಿ ಇಲ್ಲ.

ತುಂಗೆ_ಮಗಳು · 8:34

ಹಾಕಬೇಡಿ. ಕೈಮುಗಿದು ಕೇಳ್ಕೊಳ್ತೀನಿ.

ನಮ್ಮ ಮನೆಯವರು ಹೋಗಿ ಮೂರು ವರ್ಷ ಆಯ್ತು. ಆಗ ಯಾರೋ ಒಳ್ಳೆ ಮನಸ್ಸಿಂದಲೇ ಅವರ ಐಸಿಯು ಫೋಟೊ ಹಾಕಿ "ಈ ಜೀವ ಉಳಿಸಿ" ಅಂತ ಬಿಟ್ಟಿದ್ರು. ಆರು ತಿಂಗಳ ಹಿಂದೆ ಅದೇ ಫೋಟೊ ಬೇರೆ ಹೆಸರು, ಬೇರೆ ಊರು, ಬೇರೆ ಕ್ಯೂಆರ್ ಕೋಡಿನ ಜೊತೆ ನನ್ನ ಮಗಳ ಕಾಲೇಜ್ ಗ್ರೂಪಿಗೆ ಬಂತು. ಅವಳು ಕ್ಲಾಸಲ್ಲಿ ಕೂತು ಅಪ್ಪನ್ನ ನೋಡಿದ್ಲು. ಸಂಜೆ ಮನೆಗೆ ಬಂದು ಊಟ ಮಾಡ್ಲಿಲ್ಲ, ಮಾತಾಡ್ಲಿಲ್ಲ.

ಸೈಬರ್ ಪೊಲೀಸರಿಗೆ, 1930ಕ್ಕೆ ದೂರು ಕೊಟ್ವಿ. ಕ್ಯೂಆರ್ ನಿಂತಿರಬಹುದು, ಫೋಟೊ ಎಲ್ಲೆಲ್ಲಿ ಓಡಾಡ್ತಿದೆಯೋ. ಅಣ್ಣನಿಗೆ ಈಗ ಪ್ರಜ್ಞೆ ಇದೆ ಅಲ್ವಾ? ಜಿಬಿಎಸ್‌ನಲ್ಲಿ ಬುದ್ಧಿ ನೆಟ್ಟಗಿರುತ್ತೆ, ಮೈ ಮಾತ್ರ ಕೇಳಲ್ಲ ಅಂತಾರೆ. ಹಾಗಿದ್ರೆ ಅವರನ್ನೇ ಕೇಳಿ.

ಪಾತ್ರೆ_ಅಂಗಡಿ · 8:41

ಅಕ್ಕ, ನನ್ನ ಮಾತು ವಾಪಸ್ ತಗೊಂಡೆ.

ಕೊಬ್ಬರಿ_ಸೀಮೆ · 9:20

ಕೇಳಿದೆ. ಹೌದು ಅಂದ್ರೆ ಒಂದು ಸಲ, ಇಲ್ಲ ಅಂದ್ರೆ ಎರಡು ಸಲ ಕಣ್ಣು ಮುಚ್ಚಿ ಅಂತ ನರ್ಸಮ್ಮ ಅಭ್ಯಾಸ ಮಾಡಿಸಿದ್ದಾರೆ. ಫೋಟೊ ಹಾಕೋಣ್ವಾ ಅಣ್ಣ ಅಂದೆ. ಎರಡು ಸಲ ಮುಚ್ಚಿದ್ರು. ಅಂಗಡಿ ಬೋರ್ಡಿನ ಫೋಟೊ? ಅಂದೆ. ಒಂದು ಸಲ.

ಅಂಗಡಿ ಬೋರ್ಡೇ ಹಾಕ್ತೀವಿ.

ಧಾರವಾಡ_ಪೇಡೆ · 9:48

ಛಲೋ ಆತು ನೋಡ್ರಿ. ಖಾತೆ ಅವರ ಹೆಂಡತಿ ಹೆಸರಿಲೇ ಇರ್ಲಿ. ಆದ್ರ ಲೆಕ್ಕಾ ಬರಿಯಾಕ ಬ್ಯಾರೆ ಇಬ್ಬರು ಇರ್ಲಿ, ಆ ತಾಯಿ ತಲಿಮ್ಯಾಲೆ ಅದನ್ನೂ ಹಾಕಬ್ಯಾಡ್ರಿ. ಮಿಲಾಪ್, ಕೆಟ್ಟೋ ಅಂತ ಚಂದಾ ಎತ್ತು ವೆಬ್‌ಸೈಟ್ ಇರ್ತಾವಲ್ಲ, ಅಲ್ಲಿ ಹಾಕಿದ್ರ ಆಸ್ಪತ್ರಿ ಕಾಗದಾ ಅವರ ನೋಡ್ತಾರ, ಗುರ್ತಿಲ್ಲದವರಿಗೂ ನಂಬಿಕಿ ಬರ್ತದ. ಸಣ್ಣ ಊರಿನ ಮಂದಿಗೆ ಮಾತ್ರ ಗುರ್ತಿನವರ ಕೈನ ಬೇಕು.

ಹೇಮಾವತಿ_ದಂಡೆ · 10:10

ನಮ್ಮ ತಾತನ ಕಾಲದಲ್ಲಿ ಮುಯ್ಯಿ ಪುಸ್ತಕ ಇರ್ತಿತ್ತು. ಮದುವೆ ಮನೆ ಬಾಗಿಲಲ್ಲಿ ಒಬ್ಬರು ಕೂತು ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರೀತಿದ್ರು, ಎರಡು ರೂಪಾಯಿ ಆದ್ರೂ ಸರಿ. ನಮ್ಮ ಮನೆ ಅಟ್ಟದ ಮೇಲೆ ಈಗಲೂ ಒಂದಿದೆ, ಕೆಂಪು ರಟ್ಟಿನದು. ಹಾಗೇ ಒಂದು ನೋಟ್‌ಬುಕ್ ಇಡಿ. 50 ರೂಪಾಯಿ ಕೊಟ್ಟವರ ಹೆಸರೂ ಬರೀರಿ.

ಬೆಣ್ಣೆ_ದೋಸೆ · 10:16

ಮುಯ್ಯಿ ಅಂದ್ರೆ ತೀರಿಸಬೇಕಾದ ಋಣ ಸಾರ್. ಕಾಯಿಲೆ ಬಿದ್ದವರ ತಲೆ ಮೇಲೆ ಇನ್ನೂರು ಜನರ ಋಣ ಬರೆದಿಡೋದಾ? ಕೊಟ್ಟು ಮರೆತುಬಿಡಬೇಕು.

ಹೇಮಾವತಿ_ದಂಡೆ · 10:31

ನೀವು ಕೊಡೋರ ಕಡೆಯಿಂದ ನೋಡ್ತಿದ್ದೀರಿ. ತಗೊಳ್ಳೋರ ಕಡೆಯಿಂದ ನೋಡಿ. ನಮ್ಮಪ್ಪನಿಗೆ ಹೃದಯದ ಆಪರೇಷನ್ ಆದಾಗ ಊರವರು ಕೊಟ್ಟ ದುಡ್ಡನ್ನ ಯಾರೂ ಬರೆದಿಡಲಿಲ್ಲ. ಅಪ್ಪ ಬದುಕಿದ ಹನ್ನೊಂದು ವರ್ಷವೂ ಎದುರಿಗೆ ಯಾರು ಬಂದ್ರೂ, ಇವರು ಕೊಟ್ಟಿದ್ರೋ ಇಲ್ಲವೋ ಗೊತ್ತಿಲ್ಲ ಅಂತ ತಲೆ ತಗ್ಗಿಸಿಯೇ ಮಾತಾಡಿದ್ರು. ಬರೆದಿದ್ರೆ ಅವರ ಮನೆ ಮದುವೆಗೋ ಗೃಹಪ್ರವೇಶಕ್ಕೋ 101 ಇಟ್ಟು ನೆಟ್ಟಗೆ ನಿಂತು ಬರ್ತಿದ್ರು.

ಧಾರವಾಡ_ಪೇಡೆ · 10:37

ಖರೇ ಮಾತು. ನಮ್ಮ ಕಡೆ ಆಯೇರಿ ಅಂತೀವಿ, ಇದ ರೀತಿನ. ಬರದಿಟ್ಟಿದ್ದು ವಸೂಲಿಗಲ್ಲ, ನೆನಪಿಗೆ.

ಬೆಣ್ಣೆ_ದೋಸೆ · 10:44

ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ನಿಮ್ಮಪ್ಪನ ವಿಷಯ ಓದಿ ಸುಮ್ಮನಾದೆ. ನನ್ನ ಹೆಸರು ಬರೀಬೇಡಿ, "ದಾವಣಗೆರೆ 2,000" ಅಂತ ಬರೀರಿ.

ಡಾಲಸ್_ಕನ್ನಡತಿ · 12:02

ನಾವಿಲ್ಲಿ ಏಳೆಂಟು ಮನೆಯವರು ಸೇರಿ ಕೊಡಬೇಕು ಅಂತಿದ್ದೀವಿ. ನೇರವಾಗಿ ಅವರ ಖಾತೆಗೆ ಹಾಕಬಹುದಾ?

ಕೋರ್ಟು_ಕಚೇರಿ · 12:40

ಮೇಡಂ, ಭಾರತದ ಪಾಸ್‌ಪೋರ್ಟ್ ಇರೋರು ತಮ್ಮ ದುಡಿಮೆಯ ದುಡ್ಡನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ. ಅಮೆರಿಕದ ಪೌರತ್ವ ತಗೊಂಡಿರೋರು ಕೊಟ್ರೆ ವಿದೇಶಿ ಮೂಲ ಅಂತಲೇ ಲೆಕ್ಕ, ಅಂಥವರ ದುಡ್ಡು ನೇರವಾಗಿ ಈ ಖಾತೆಗೆ ಬರೋದು ಬೇಡ. ಪೌರತ್ವ ಬದಲಾಗದವರು ಮಾತ್ರ ತಮ್ಮ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯಿಂದ ಹಾಕಲಿ. ವ್ಯಕ್ತಿಗೆ ಕೊಟ್ಟಿದ್ದಕ್ಕೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗಲ್ಲ ಅನ್ನೋದೂ ಎಲ್ಲರಿಗೂ ಗೊತ್ತಿರಲಿ.

ಇನ್ನು "ಬಾಕಿ ಕಟ್ಟದಿದ್ರೆ ರೋಗಿಯನ್ನ ಕಳಿಸಲ್ಲ" ಅಂತ ಯಾರಾದ್ರೂ ಹೆದರಿಸಿದ್ರೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇದೆ. ಬಿಲ್ ತಕರಾರಿಗಾಗಿ ರೋಗಿಯನ್ನ ಹಿಡಿದಿಡೋ ಹಾಗಿಲ್ಲ, ವಿವರವಾದ ಬಿಲ್ ಕೊಡಲೇಬೇಕು. ತುರ್ತಿನಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಗುತ್ತೆ. ಆದರೆ ಜಗಳದಿಂದ ಶುರು ಮಾಡಬೇಡಿ. ಅರ್ಜಿ ಬರೆದು, ಸ್ವೀಕೃತಿ ಸೀಲ್ ಹಾಕಿಸ್ಕೊಂಡು, ಮೆಡಿಕಲ್ ಸೂಪರಿಂಟೆಂಡೆಂಟರನ್ನ ನೋಡಿ.

ಮಂಡ್ಯ_ಕಬ್ಬು · 12:55

ಸಿಎಂ ಪರಿಹಾರ ನಿಧಿನೂ ಬಿಡಬ್ಯಾಡಿ. ಎಮ್ಮೆಲ್ಲೆ ತಾವ ಲೆಟರ್ ತಗಂಡು, ಒರಿಜಿನಲ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಆಧಾರು, ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲಾ ಜತೆಗಿಟ್ಟು ಕೊಟ್ಟಿದ್ವಿ. ನಿಧಾನಕ್ಕೆ ಬಂತು, ಬಂತು. ಒರಿಜಿನಲ್ ಕೊಡೋಕ್ಮುಂಚೆ ಜೆರಾಕ್ಸ್ ಮಾಡ್ಸ್ಕಳಿ.

ಕಡಲ_ಬದಿ · 1:30

ನಮ್ಮಲ್ಲಿ ಸಹಾಯಾರ್ಥ ಯಕ್ಷಗಾನ ಇಡುವುದುಂಟು. ಉಡುಪಿಯ ಅಷ್ಟಮಿಗೆ ರವಿ ಕಟಪಾಡಿ ಅಂತ ಒಬ್ಬರು ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ದುಡ್ಡು ಒಟ್ಟು ಮಾಡ್ತಾರೆ, ಅವರೇನು ಶ್ರೀಮಂತರಲ್ಲ, ಕಟ್ಟಡ ಕೆಲಸ ಮಾಡುವವರು. ಮೈಮೇಲೆ ಅಂಟಿಸಿದ ಬಣ್ಣ ತೆಗೆಯುವುದೇ ದೊಡ್ಡ ಯಾತನೆ. ನಿಮ್ಮ ಕಡೆ ಅಂಥದ್ದು ಏನಾದ್ರೂ ಮಾಡಬಹುದಾ?

ಜರಿ_ಅಂಚು · 1:52

ನಾಟಕ ಗೀಟಕಕ್ಕೆ ಟೈಮಿಲ್ಲ ಅಣ್ಣ. ನನಗೆ ಬೇರೇನೋ ಹೊಳೀತಿದೆ. ಅವರ ಅಂಗಡಿಯಲ್ಲಿ ಹೊಲಿಯೋಕೆ ಕೊಟ್ಟ ಬಟ್ಟೆ ಎಷ್ಟಿದೆ? ವರಮಹಾಲಕ್ಷ್ಮಿ ಹಬ್ಬ ಎದುರಿಗಿದೆ, ಗಿರಾಕಿಗಳು ವಾಪಸ್ ಕೇಳ್ತಾರೆ. ಕೇಳಿದವರಿಗೆಲ್ಲ ಕೊಟ್ಟುಬಿಟ್ರೆ ಈ ಸೀಸನ್ ಹೋಯ್ತು, ಆ ಗಿರಾಕಿ ಮುಂದಿನ ವರ್ಷಕ್ಕೂ ಹೋದ ಹಾಗೆ.

ಕೊಬ್ಬರಿ_ಸೀಮೆ · ಬುಧವಾರ ರಾತ್ರಿ 9:15

ಎರಡು ದಿನದ ಸುದ್ದಿ.

ಆರೋಗ್ಯ ಮಿತ್ರರನ್ನ ನೋಡಿದ್ವಿ. ದಾಖಲಾದ ದಿನ ಅರ್ಜಿ ಹೋಗಿಲ್ಲದ ಕಾರಣ ಈ ಆಸ್ಪತ್ರೆಯ ಬಿಲ್ಲಿಗೆ ಆಗಲ್ಲ ಅಂದ್ರು. ಆದರೆ ಅವರೇ ನಾಲ್ಕು ಕಡೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಸಿಗೆ ವಿಚಾರಿಸಿದ್ರು. ಪಟ್ಟಿಯಲ್ಲಿ ಹೆಸರಿದೆ.

ಐಟಂವಾರು ಬಿಲ್ 31 ಪುಟ. ರಾತ್ರಿ ಲಾಬಿಯಲ್ಲಿ ಕೂತು ನಾನೂ ಅತ್ತಿಗೆಯೂ ಐವಿಐಜಿ ಅಂತ ಇರೋ ಸಾಲಿಗೆಲ್ಲ ಪೆನ್ಸಿಲ್ ಗೆರೆ ಎಳೆದ್ವಿ. ಅತ್ತಿಗೆ ಬಟನ್ ಎಣಿಸೋ ಹಾಗೆ ಬೆರಳು ಇಟ್ಟು ಎಣಿಸಿದ್ರು. 27. ಕೇಸ್ ಶೀಟಲ್ಲಿ ಸ್ಟಿಕ್ಕರ್ 24. ಅರ್ಜಿ ಬರೆದು ಸೂಪರಿಂಟೆಂಡೆಂಟ್ ಹತ್ರ ಹೋದ್ವಿ, ಒಂದು ಗಂಟೆಯಲ್ಲಿ ಮೂರು ಬಾಟಲಿ ದುಡ್ಡು ತೆಗೆದ್ರು.

ಎರಡನೇ ಕೋರ್ಸ್ ಯಾಕೆ ಬೇಕು ಅಂತ ಕೇಳಿದೆ. ದೊಡ್ಡ ಡಾಕ್ಟ್ರು ಸ್ವಲ್ಪ ಹೊತ್ತು ಫೈಲ್ ನೋಡಿ, ಕಾಯೋಣ, ಈಗ ಬೇಡ ಅಂದ್ರು. 4 ಲಕ್ಷ ಉಳೀತು. ಡಾಕ್ಟ್ರೇ, ನಿಮಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ.

ಅಂಗಡಿ ಬೀಗ ತೆಗೆದು ನೋಡಿದೆ. 63 ಕವರ್. ಪ್ರತಿ ಕವರಲ್ಲೂ ಬಟ್ಟೆ, ಅಳತೆ ಬ್ಲೌಸ್, ಗುಂಡುಪಿನ್ನಿಗೆ ಸಿಕ್ಕಿಸಿದ ಚೀಟಿ. ಅಣ್ಣನ ಕೈಬರಹ: "ಬೆನ್ನು ಡೀಪ್ ಬೇಡ, ತೋಳು ಅರ್ಧ ಇಂಚು ಸಡಿಲ, ಶುಕ್ರವಾರದೊಳಗೆ."

ಜರಿ_ಅಂಚು · 9:26

63ನ್ನೂ ವಾಪಸ್ ಕೊಡಬೇಡಿ! ಊರಲ್ಲಿ ಎಷ್ಟು ಜನ ಟೈಲರ್ ಇದ್ದಾರೆ? ಹಂಚಿ. ಅವರೇ ಹೊಲಿದು ಅಣ್ಣನ ಅಂಗಡಿಯಿಂದಲೇ ಗಿರಾಕಿಗೆ ಕೊಡಲಿ, ಕೂಲಿ ಅತ್ತಿಗೆಗೆ ಹೋಗಲಿ. ಅರಸೀಕೆರೆ ನನಗೆ ದೂರ ಅಲ್ಲ, ಹತ್ತು ಕವರ್ ನಾನೇ ಬಂದು ತಗೊಂಡು ಹೋಗ್ತೀನಿ.

ಲೆಕ್ಕದ_ಮೇಷ್ಟ್ರು · 9:40

ನೋಟ್‌ಬುಕ್ ನಾನು ಬರೀತೀನಿ, ಒಪ್ಪಿಗೆ ಇದ್ರೆ. ದಿನಾ ರಾತ್ರಿ ಪುಟದ ಫೋಟೊ ಇಲ್ಲಿ ಹಾಕ್ತೀನಿ.

ಕೊಬ್ಬರಿ_ಸೀಮೆ · ಶನಿವಾರ ರಾತ್ರಿ 8:50

ಅಣ್ಣನ್ನ ನಿನ್ನೆ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದ್ವಿ, ವೆಂಟಿಲೇಟರ್ ಇರೋ ಆಂಬ್ಯುಲೆನ್ಸಲ್ಲಿ. ಖಾಸಗಿ ಆಸ್ಪತ್ರೆ ಬಿಲ್ ರಿಯಾಯಿತಿ ಎಲ್ಲ ಕಳೆದು 6,40,000ಕ್ಕೆ ನಿಂತಿತು. ಮೊದಲೇ ಕಟ್ಟಿದ್ದು 3,30,000. ಮೇಷ್ಟ್ರ ಪುಸ್ತಕದ ಪ್ರಕಾರ ಬಂದಿರೋದು 2,71,450, ಅಷ್ಟೂ ಕಟ್ಟಿದ್ವಿ. ಉಳಿದ 38,550ಕ್ಕೆ ಮೂರು ಕಂತು ಬರೆದುಕೊಟ್ಟಿದ್ದೀವಿ.

ಒಡವೆ ಇನ್ನೂ ಅಡದಲ್ಲೇ ಇದೆ. ಫಿಸಿಯೋಥೆರಪಿ ಆರು ತಿಂಗಳಾದ್ರೂ ಬೇಕಂತೆ. ಮುಗಿದಿಲ್ಲ ಇದು.

ಇವತ್ತು ಬೆಳಿಗ್ಗೆ ಅತ್ತಿಗೆ ಅವರ ಬಲಗೈಗೆ ಸೆರಗಿನ ತುದಿ ಕೊಟ್ರು. ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಡಿದ್ರು. ಬಟ್ಟೆ ಎಂಥದ್ದು ಅಂತ ಉಜ್ಜಿ ನೋಡ್ತಾರಲ್ಲ, ಹಾಗೆ.

ಮಂಡ್ಯ_ಕಬ್ಬು · 8:54

ಬತ್ತದೆ, ಎಲ್ಲಾ ಬತ್ತದೆ. ನಮ್ಮವನ್ಗೂ ಮೊದ್ಲು ಬೆರಳೇ ಬಂದಿದ್ದು.

ಜರಿ_ಅಂಚು · 9:02

ನನ್ನ ಹತ್ತರಲ್ಲಿ ಆರು ಮುಗೀತು. ಒಂದು ಕವರಲ್ಲಿ ಅಳತೆ ಬ್ಲೌಸ್ ಇಲ್ಲ, ಹಸಿರು ರೇಷ್ಮೆ, ನೇರಳೆ ಅಂಚು. ಯಾರದ್ದು?

ಮಾಲೇಕಲ್_ಅಮ್ಮ · 9:17

ಅದು ನಂದು ಕಣಮ್ಮ. ಮಗಳ ಮದುವೆಗೆ. ನನ್ನ ಅಳತೆ ಅವನಿಗೆ ಬಾಯಿಪಾಠ, ಹದಿನೆಂಟು ವರ್ಷದಿಂದ ಹೊಲೀತಿದ್ದಾನೆ, ಅದಕ್ಕೇ ಕೊಟ್ಟಿರಲಿಲ್ಲ. ಮದುವೆ ಮಾಘದಲ್ಲಿ, ಅವಸರ ಇಲ್ಲ. ಅದನ್ನ ಹಾಗೇ ಅಂಗಡಿಯಲ್ಲಿಡಿ. ಕೂಲಿ ಇವತ್ತೇ ಮೇಷ್ಟ್ರ ಕೈಗೆ ಕೊಟ್ಟು ಬರೆಸಿದ್ದೀನಿ.

ಕೊಬ್ಬರಿ_ಸೀಮೆ · 9:25

ಕವರ್ ಮೇಲೆ ನಿಮ್ಮ ಹೆಸರು ಬರೆದು ಬೇರೆ ಇಡ್ತೀನಿ ಅಮ್ಮ. ನಾಳೆ ಬೆಂಗಳೂರಿಗೆ ಹೋಗೋರು ಯಾರಾದ್ರೂ ಇದ್ದಾರಾ? ಅತ್ತಿಗೆಗೆ ರಾಗಿ ಹಿಟ್ಟು, ಚಟ್ನಿಪುಡಿ, ಒಂದು ಬೆಡ್‌ಶೀಟ್ ಕಳಿಸ್ಬೇಕು.

ಹೇಮಾವತಿ_ದಂಡೆ · 9:31

ನಾನು ಹೋಗ್ತಿದ್ದೀನಿ, ಬೆಳಿಗ್ಗೆ ಟ್ರೈನು. ಐದೂವರೆಗೆ ಸ್ಟೇಷನ್ ಹತ್ರ ತಂದ್ಕೊಡಿ.